ಕಾರಿನ ತಳಕ್ಕೆ ಯಾವ ಹೊದಿಕೆ? ವರ್ಸೋವಾದ ಉಪ್ಪುಗಾಳಿಯಲ್ಲಿ ಮೂರು ಮಳೆಗಾಲದ ಹೋಲಿಕೆ

ನನ್ನ ಹಳೆಯ ಕಾರಿನ ಎಡಬದಿಯ ರನ್ನಿಂಗ್ ಬೋರ್ಡನ್ನು ಮೇಸ್ತ್ರಿ ಹೆಬ್ಬೆರಳಿನಿಂದ ಒತ್ತಿ ತೋರಿಸಿದಾಗ ಬೆರಳು ಸೀದಾ ಒಳಗೆ ಹೋಯಿತು. ಬಾಗಿಲ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಪೆಟ್ಟಿಗೆಯ ಹಾಗೆ ಹೋಗುವ ಭಾಗ ಅದು. ಗಾಡಿಯ ಪಕ್ಕೆಲುಬು ಅಂದರೂ ಸರಿ. ಹೊರಗಿನಿಂದ ನೋಡಿದರೆ ಏನೂ ಆದಂತಿರಲಿಲ್ಲ. ಕಪ್ಪು ರಬ್ಬರ್ ಕೋಟಿಂಗ್ ಇನ್ನೂ ಹಾಗೇ ಹೊಳೆಯುತ್ತಿತ್ತು. ಅದರ ಹಿಂದೆ ಇರಬೇಕಾದ ತಗಡು ಮಾತ್ರ ಸುಟ್ಟ ಹಪ್ಪಳದ ಹಾಗೆ ಪುಡಿಪುಡಿ.

ಮೇಸ್ತ್ರಿ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಮುಂಬೈಯ ಜೋಗೇಶ್ವರಿಯಲ್ಲಿ ಡೆಂಟಿಂಗ್-ಪೇಂಟಿಂಗ್ ಮಾಡುತ್ತ ಇಪ್ಪತ್ತು ವರ್ಷದ ಮೇಲಾಯಿತು. ‘ಇದು ಹೊದಿಕಿ ಅಲ್ರಿ ಸರ್, ಗೋರಿ. ಜಂಗ ಒಳಗಿಟ್ಟು ಮ್ಯಾಲೆ ಬಳದಾರ’ ಅಂದರು. ಜಂಗ ಅಂದರೆ ತುಕ್ಕು. ನಿಜ. ಗಾಡಿಗೆ ನಾಲ್ಕು ವರ್ಷ ಆಗಿದ್ದಾಗ, ಮಳೆಗಾಲ ಮುಗಿದ ವಾರವೇ, ಒಂದು ಸರ್ವಿಸ್ ಸೆಂಟರಿನಲ್ಲಿ ನಾನೇ ದುಡ್ಡು ಕೊಟ್ಟು ಬಳಿಸಿದ್ದು ಅದು. ಬೆಳಿಗ್ಗೆ ಬಿಟ್ಟ ಗಾಡಿ ಸಂಜೆ ಕೈಗೆ ಬಂದಿತ್ತು. ತೊಳೆಯಬೇಕು, ಒಣಗಿಸಬೇಕು, ತುಕ್ಕು ಕೆರೆಯಬೇಕು, ಆಮೇಲೆ ಬಳಿಯಬೇಕು. ಇದಕ್ಕೆಲ್ಲ ಒಂದು ಹಗಲು ಸಾಲದು ಎಂಬುದು ಆಗ ನನಗೆ ಹೊಳೆಯಲಿಲ್ಲ. ವಾರಂಟಿ ಕಾಗದದಲ್ಲಿ ‘ಮೊದಲೇ ಇದ್ದ ತುಕ್ಕಿಗೆ ಹೊಣೆಯಲ್ಲ’ ಎಂಬ ಸಾಲೊಂದು ಇತ್ತು. ಅದನ್ನು ನಾನು ಓದಿದ್ದು ತಗಡು ತೂತಾದ ಮೇಲೆ.

ಆ ಗಾಡಿ ಗುಜರಿ ಬೆಲೆಗೆ ಹೋಯಿತು. 2018ರಲ್ಲಿ ಹೊಸದು ಕೊಂಡಾಗ, ಇದಕ್ಕೆ ಏನನ್ನೇ ಬಳಿದರೂ ಮೊದಲು ಪರೀಕ್ಷೆ ಮಾಡಿಯೇ ಬಳಿಯುವುದು ಅಂತ ನಿಶ್ಚಯಿಸಿದೆ. ಇಲ್ಲಿ ಬರೆಯುತ್ತಿರುವುದು ಆ ಪರೀಕ್ಷೆಯ ಲೆಕ್ಕ.

ನಾವು ಇರುವುದು ಮುಂಬೈಯ ವರ್ಸೋವಾದಲ್ಲಿ, ಸಮುದ್ರದಿಂದ ಮುನ್ನೂರು ಮೀಟರ್ ದೂರವೂ ಇಲ್ಲ. ಇಲ್ಲಿ ಉಪ್ಪಿನ ಸ್ವಭಾವ ತಿಳಿಯಲು ಕಾರಿನ ಹತ್ತಿರ ಹೋಗಬೇಕಿಲ್ಲ, ಅಡುಗೆಮನೆಯ ಕಲ್ಲುಪ್ಪಿನ ಭರಣಿ ನೋಡಿದರೆ ಸಾಕು. ಮೇ ಕೊನೆಗೆ ಉಪ್ಪು ಬೆವರಲು ಶುರು, ಜೂನ್ ಹೊತ್ತಿಗೆ ಭರಣಿಯ ತಳದಲ್ಲಿ ನೀರು. ಗಾಳಿಯ ತೇವಾಂಶ 75% ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇದೆ. ಅದಕ್ಕೆ ಸುಮಾರು 33% ತೇವಾಂಶ ಸಿಕ್ಕಿದರೂ ಸಾಕು. ಮುಂಬೈಯ ಗಾಳಿ ಅಷ್ಟು ಒಣಗುವ ದಿನಗಳು ಕಡಿಮೆ. ಹೀಗಾಗಿ ತಗಡಿನ ಮೇಲೆ ಒಮ್ಮೆ ಕೂತ ಸಮುದ್ರದ ಉಪ್ಪು ಡಿಸೆಂಬರಿನಲ್ಲೂ ಪೂರ್ತಿ ಒಣಗುವುದಿಲ್ಲ. ಕೈಗೆ ಒಣಗಿದಂತೆ ಹತ್ತುವ ಜಾಗದಲ್ಲೂ ಉಪ್ಪುನೀರಿನ ತೆಳ್ಳನೆಯ ಪೊರೆ ಇರುತ್ತದೆ. ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಇದ್ದರೆ ಆಯಿತು. ಉಪ್ಪು ಆ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವಂತೆ ಮಾಡಿ ತುಕ್ಕಿನ ವೇಗ ಹೆಚ್ಚಿಸುತ್ತದೆ.

ಬಾನೆಟ್ಟು, ರೂಫು ಮಳೆಯಲ್ಲಿ ತಾವಾಗಿ ತೊಳೆದುಕೊಳ್ಳುತ್ತವೆ. ತಳಕ್ಕೆ ಆ ಭಾಗ್ಯವಿಲ್ಲ. ಚಕ್ರ ಎರಚಿದ ಕೆಸರು ಮಡಿಕೆಗಳಲ್ಲಿ ಕೂತು, ಉಪ್ಪನ್ನೂ ತೇವವನ್ನೂ ಸ್ಪಂಜಿನ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಅಂಧೇರಿ ಸಬ್‌ವೇ ಪ್ರತಿ ಮಳೆಗಾಲ ತುಂಬುತ್ತದೆ. ದೊಡ್ಡ ಉಬ್ಬರದ ಹೊತ್ತಿಗೆ ಜೋರು ಮಳೆ ಬಂದರೆ ನಾಲೆಗಳ ನೀರು ಸಮುದ್ರಕ್ಕೆ ಇಳಿಯದೆ ರಸ್ತೆಗೇ ನುಗ್ಗುತ್ತದೆ. ವರ್ಷಕ್ಕೆ ಎರಡು ಸಲ ಕುಂದಾಪುರಕ್ಕೆ ಕಾರಿನಲ್ಲೇ ಹೋಗುತ್ತೇವೆ. ಮರವಂತೆಯಲ್ಲಿ ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಕಡಲು. ಆಷಾಢದ ಅಲೆಯ ಹನಿ ಗಾಜಿಗೇ ಬಂದು ಕೂರುತ್ತದೆ. ಅದಕ್ಕಿಂತ ನನಗೆ ಸಿಟ್ಟು ಬರುವುದು ಹೆದ್ದಾರಿಯ ಮೀನು ಲಾರಿಗಳ ಮೇಲೆ. ಅವುಗಳ ಹಿಂದಿನಿಂದ ಮೈಲುಗಟ್ಟಲೆ ಸುರಿಯುವ ನೀರು ಬೈಕಿನವರನ್ನು ಜಾರಿಸಿ ಬೀಳಿಸುತ್ತದೆ, ಹಿಂದೆ ಬರುವ ಕಾರಿನ ಹೊಟ್ಟೆಗೆ ಉಪ್ಪು ಎರಚುತ್ತದೆ.

ರಸ್ತೆಯ ಉಪ್ಪಿನ ಮಾತು ಬಂದರೆ ಟೊರಾಂಟೊದಲ್ಲಿರುವ ನನ್ನ ಅಕ್ಕನನ್ನು ಕೇಳಬೇಕು. ‘ನಿಮ್ಗೆ ಉಪ್ಪ್ ಗಾಳಿ ತತ್ತ್. ನಮ್ಗೆ ಲಾರೀಲ್ ತಂದ್ ರಸ್ತಿಗೇ ಸುರೀತ್ರ್ ಮಾರಾಯ’ ಅನ್ನುತ್ತಾಳೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗಿಂತ ಕೆಳಗೂ ಹೆಪ್ಪುಗಟ್ಟುವುದಿಲ್ಲವಲ್ಲ, ರಸ್ತೆಯ ಹಿಮ ಕರಗಿಸಲು ಅದನ್ನು ಸುರಿಯುತ್ತಾರೆ. ಮೈನಸ್ 9, 10 ಡಿಗ್ರಿಯ ಕೆಳಗೆ ಸಾದಾ ಉಪ್ಪಿನ ಕೆಲಸ ನಿಧಾನವಾಗುತ್ತದೆ. ಆಗ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಕ್ಲೋರೈಡ್ ಬಳಸುತ್ತಾರೆ, ಅವು ಇನ್ನೂ ಹೆಚ್ಚು ನೀರು ಹಿಡಿಯುವಂಥವು. ಅಕ್ಕ ಹೇಳಿದ ಒಂದು ಮಾತು ನನಗೆ ಹೊಸದು: ಉಪ್ಪು ಮೆತ್ತಿದ ಕಾರನ್ನು ಬಿಸಿ ಮಾಡಿದ ಗ್ಯಾರೇಜಿನೊಳಗೆ ನಿಲ್ಲಿಸಿದರೆ ಹೊರಗೆ ಮಂಜಿನಲ್ಲಿ ನಿಲ್ಲಿಸಿದ್ದಕ್ಕಿಂತ ಬೇಗ ತುಕ್ಕು ಹಿಡಿಯುತ್ತದಂತೆ. ಯೋಚಿಸಿದರೆ ಸರಿಯೇ. ಚಳಿಯಲ್ಲಿ ರಾಸಾಯನಿಕ ಕ್ರಿಯೆ ನಿಧಾನ, ಬೆಚ್ಚಗಿನ ತೇವದಲ್ಲಿ ಚುರುಕು. ಹಾಗೆ ನೋಡಿದರೆ ನಮ್ಮ ಕಾರುಗಳು ವರ್ಷವಿಡೀ ಆ ಬೆಚ್ಚಗಿನ ಗ್ಯಾರೇಜಿನಲ್ಲೇ ನಿಂತಿವೆ.

ಅವಳ ಊರಿನಲ್ಲಿ ಎಷ್ಟೋ ಜನ ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಕಾರಿನ ತಳಕ್ಕೂ ಬಾಗಿಲುಗಳ ಒಳಗೂ ಎಣ್ಣೆಯಂಥದ್ದನ್ನು ಸಿಂಪಡಿಸಿಕೊಳ್ಳುತ್ತಾರೆ. ಒಣಗುವುದಿಲ್ಲ, ಗಟ್ಟಿಯಾಗುವುದಿಲ್ಲ, ಮುಂದಿನ ವರ್ಷ ಮತ್ತೆ ಹೊಡೆಸಬೇಕು. ನಮ್ಮಲ್ಲಿ ಮಾರುವುದು ಅದಕ್ಕೆ ತದ್ವಿರುದ್ಧ: ಒಮ್ಮೆ ಬಳಿದು ಐದು ವರ್ಷ ಮರೆತುಬಿಡಿ ಅನ್ನುವ ದಪ್ಪ ರಬ್ಬರು. ಇವೆರಡರಲ್ಲಿ ಯಾವುದು ಮುಂಬೈಗೆ ಸರಿ? ಕೆನಡಾದ ಚಳಿಯಲ್ಲಿ ನಿಲ್ಲುವ ಎಣ್ಣೆ ನಮ್ಮ ಮೇ ತಿಂಗಳಿನಲ್ಲಿ ನಿಲ್ಲುತ್ತದೆಯೇ?

ಇದಕ್ಕೆ ಉತ್ತರ ಹುಡುಕಲು ಎರಡು ಕೆಲಸ ಮಾಡಿದೆ. ಮೇಸ್ತ್ರಿಯ ಹತ್ತಿರ 18 ಗೇಜಿನ ಸಾದಾ ಉಕ್ಕಿನ ತಗಡು ಕತ್ತರಿಸಿಸಿ, ಆರು ಇಂಚು ಉದ್ದ, ನಾಲ್ಕು ಇಂಚು ಅಗಲದ ಏಳು ತುಂಡು ಮಾಡಿಸಿದೆ. ಪ್ರತಿ ತುಂಡಿನ ಹಿಂಬದಿಗೆ ಉಪ್ಪುನೀರು ಚಿಮುಕಿಸಿ ಬೇಕೆಂದೇ ವಾರವಿಡೀ ತುಕ್ಕು ಹಿಡಿಸಿ, ಸಡಿಲವಾದದ್ದನ್ನು ಮಾತ್ರ ತಂತಿಬ್ರಷ್ಷಿನಿಂದ ಉಜ್ಜಿದೆ. ಮುಂಬದಿಯನ್ನು ಸ್ವಚ್ಛವಾಗಿ ಇಟ್ಟೆ. ಹಳೆಯ ಕಾರಿಗೆ ಆದದ್ದು ಹಿಂಬದಿ, ಹೊಸ ಕಾರಿನದು ಮುಂಬದಿ ಅಂತ ಲೆಕ್ಕ. ಐದು ತುಂಡಿಗೆ ಐದು ಬಗೆ ಬಳಿದೆ: ರಬ್ಬರ್ ಕೋಟಿಂಗ್, ವ್ಯಾಕ್ಸ್, ಲ್ಯಾನೊಲಿನ್ (ಕುರಿ ಉಣ್ಣೆಯ ಜಿಡ್ಡು), ಸತುವಿನ ಪುಡಿ ಬೆರೆತ ಸ್ಪ್ರೇ, ಬಳಸಿದ ಎಂಜಿನ್ ಆಯಿಲ್. ಎರಡನ್ನು ಏನೂ ಬಳಿಯದೆ ಬಿಟ್ಟೆ. ಅದರಲ್ಲಿ ಒಂದಕ್ಕೆ ಪ್ರತಿ ಭಾನುವಾರ ಸಿಹಿನೀರಿನ ಸ್ನಾನ. ಪ್ರತಿಯೊಂದರ ಮುಂಬದಿಯಲ್ಲೂ ಚಾಕುವಿನಿಂದ ಮೇಲಿನಿಂದ ಕೆಳಗೆ ಒಂದು ಗೀರು ಎಳೆದೆ, ರಸ್ತೆಯ ಕಲ್ಲು ತಾಗಿದ ಹಾಗೆ. 2021ರ ಮೇ ಮೊದಲ ವಾರ ಅವನ್ನು ಸಮುದ್ರದ ಕಡೆಯ ಬಾಲ್ಕನಿಯ ಗ್ರಿಲ್ಲಿಗೆ ನೈಲಾನ್ ದಾರದಲ್ಲಿ ನೇತುಹಾಕಿದೆ. ಹತ್ತೇ ದಿನಕ್ಕೆ, ಮೇ 17ರಂದು, ತೌಕ್ತೆ ಚಂಡಮಾರುತ ಮುಂಬೈ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಮರುದಿನ ಬೆಳಿಗ್ಗೆ ಕಿಟಕಿಯ ಗಾಜುಗಳ ಮೇಲೆ ಬೆರಳಾಡಿಸಿದರೆ ನಾಲಿಗೆಗೆ ಉಪ್ಪು ಹತ್ತುತ್ತಿತ್ತು.

ಕಾರಿನಲ್ಲಿ ಮೂರನ್ನೇ ಪ್ರಯೋಗಿಸಿದ್ದು. ಅದೇ ವರ್ಷದ ಮಾರ್ಚಿನಲ್ಲಿ, ಲಾಕ್‌ಡೌನ್ ಮತ್ತೆ ಬಿಗಿಯಾಗುವ ಮುಂಚೆ, ತಳವನ್ನು ಸೀಮೆಸುಣ್ಣದಲ್ಲಿ ಗುರುತು ಹಾಕಿ ಹಂಚಿದೆ: ಮುಂದಿನ ಎರಡೂ ಚಕ್ರದ ಗೂಡುಗಳಿಗೆ ರಬ್ಬರು, ಹಿಂಬದಿಯ ಎಡಕ್ಕೆ ವ್ಯಾಕ್ಸ್, ಹಿಂಬದಿಯ ಬಲಕ್ಕೆ ಲ್ಯಾನೊಲಿನ್. ರನ್ನಿಂಗ್ ಬೋರ್ಡಿನ ಒಳಗೂ ಎಡಕ್ಕೆ ವ್ಯಾಕ್ಸ್, ಬಲಕ್ಕೆ ಲ್ಯಾನೊಲಿನ್. ಮೇಸ್ತ್ರಿ ಎರಡು ದಿನ ಗಾಡಿಯನ್ನು ಎತ್ತರಿಸಿಯೇ ಇಟ್ಟುಕೊಂಡರು. ‘ಮೊದಲ ಒಣಗ್ಲಿ ಸರ್. ಹಸಿ ಪತ್ರಾದ (ತಗಡಿನ) ಮ್ಯಾಲೆ ಏನ್ ಬಳದ್ರೂ ಅಷ್ಟ’ ಅಂದರು. ಹೊಸ ಕಾರಿನ ತಳಕ್ಕೆ ಕಾರ್ಖಾನೆಯಲ್ಲೇ ಪ್ರೈಮರು, ಸೀಲರು ಇರುತ್ತದೆ; ಆದ್ದರಿಂದ ನಿಜವಾದ ಪರೀಕ್ಷೆ ನಡೆಯುವುದು ಬೆಸುಗೆಯ ಅಂಚು, ಬೋಲ್ಟುಗಳ ತಲೆ, ಹಿಂದಿನ ಆಕ್ಸಲ್, ಕಲ್ಲು ಬಡಿದ ಜಾಗಗಳಲ್ಲಿ. ನಾನು ನೋಡುತ್ತ ಬಂದದ್ದು ಅವನ್ನೇ.

ಬಳಸಿದ ಎಂಜಿನ್ ಆಯಿಲಿನ ಕಥೆ ಬೇಗ ಮುಗಿಯಿತು. ಊರಲ್ಲಿ ಜೀಪು, ಟಿಪ್ಪರಿನವರು ಇದನ್ನೇ ಬಳಿಯುತ್ತಾರೆ, ಪುಕ್ಕಟೆ ಸಿಗುತ್ತದೆ. ಜುಲೈ ಎರಡನೇ ವಾರಕ್ಕೆ ಮಳೆ ಅದನ್ನು ತೊಳೆದುಹಾಕಿತ್ತು, ಆಗಸ್ಟಿಗೆ ತುಂಡು ಕೆಂಪಾಯಿತು. ಸುಟ್ಟ ಎಣ್ಣೆಯಲ್ಲಿ ಆಮ್ಲವೂ ಲೋಹದ ಪುಡಿಯೂ ಇರುತ್ತದೆ, ಕಾರಿನ ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ, ಚರ್ಮಕ್ಕೂ ಕೆಟ್ಟದ್ದು. ಕಾನೂನಿನ ಲೆಕ್ಕದಲ್ಲಿ ಅದು ಅಪಾಯಕಾರಿ ತ್ಯಾಜ್ಯ. ತೊಳೆದುಹೋದದ್ದು ಸೇರುವುದು ಅದೇ ಕಡಲಿಗೆ, ನಾವು ತಿನ್ನುವ ಮೀನಿಗೆ. ದಯವಿಟ್ಟು ಬಳಿಯಬೇಡಿ.

ಬರಿಯ ತುಂಡುಗಳು ಹೇಗಾದವು ಅನ್ನುವುದು ಊಹೆಗೆ ಬಿಟ್ಟದ್ದು. ಆದರೆ ಎರಡರ ನಡುವಿನ ವ್ಯತ್ಯಾಸ ಮುಖ್ಯ. ತೊಳೆಯದ ತುಂಡು ಅಕ್ಟೋಬರಿಗೆ ಪದರಪದರವಾಗಿ ಏಳುತ್ತಿತ್ತು, ಉಗುರು ತಾಗಿಸಿದರೆ ಚಕ್ಕೆ ಬರುತ್ತಿತ್ತು. ವಾರಕ್ಕೊಮ್ಮೆ ಸಿಹಿನೀರು ಕಂಡ ತುಂಡಿಗೂ ತುಕ್ಕು ಹಿಡಿದಿತ್ತು, ಆದರೆ ತೆಳ್ಳಗೆ, ಕಾಫಿಪುಡಿ ಉದುರಿಸಿದ ಹಾಗೆ. ತೊಳೆಯುವುದು ತುಕ್ಕನ್ನು ನಿಲ್ಲಿಸುವುದಿಲ್ಲ, ಆದರೆ ಅದರ ಕಾಲು ಕಟ್ಟುತ್ತದೆ.

ಈಗ ರಬ್ಬರು. ನನ್ನ ಹಳೆಯ ಕಾರನ್ನು ತಿಂದದ್ದು ಇದೇ ಬಗೆಯಾದ್ದರಿಂದ ಇದರ ಬಗ್ಗೆ ಅನ್ಯಾಯದ ಮಾತು ಬರಬಾರದು ಅಂತ ಹೆಚ್ಚು ಜಾಗ್ರತೆಯಿಂದ ನೋಡಿದೆ. ಐದು ತಿಂಗಳ ಮಳೆ ಕಳೆದರೂ ಮುಂಬದಿ ಮೊದಲ ದಿನದಂತೆಯೇ ಕಪ್ಪಗಿತ್ತು. ಗೀರಿನ ಎರಡೂ ಪಕ್ಕದಲ್ಲಿ ಮಾತ್ರ ಸಣ್ಣಗೆ ಉಬ್ಬು, ಪೂರಿ ಊದುವ ಮೊದಲು ಏಳುವಂಥದ್ದು. ಉಗುರು ತೂರಿಸಿ ಎತ್ತಿದೆ. ಕಾದ ಕಾವಲಿಯಿಂದ ದೋಸೆ ಏಳುವ ಹಾಗೆ ಎರಡು ಬೆರಳಗಲ ಒಂದೇ ಎಳೆತಕ್ಕೆ ಎದ್ದು ಬಂತು. ಅಡಿಯಲ್ಲಿ ಕಪ್ಪು ನೀರು, ಹಳೆಯ ಬಾವಿಯ ಹಗ್ಗದಂಥ ವಾಸನೆ, ಉಕ್ಕಿನ ಮೇಲೆ ಸೂಜಿಮೊನೆಯಷ್ಟು ಆಳದ ಗುಳಿಗಳು. ಗೀರಿನಿಂದ ಒಳಹೊಕ್ಕ ನೀರು ಹೊರಗೆ ಬರಲು ದಾರಿಯಿಲ್ಲದೆ ಪಕ್ಕಪಕ್ಕಕ್ಕೆ ಹರಿದಿತ್ತು. ಹಿಂಬದಿಯಲ್ಲಿ, ಅಂದರೆ ತುಕ್ಕಿನ ಮೇಲೆ ಬಳಿದ ಕಡೆ, ಇಡೀ ಹಾಳೆಯೇ ಸಡಿಲ. ತುಕ್ಕಾದ ಕಬ್ಬಿಣ ತನ್ನ ಮೂಲ ಗಾತ್ರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಉಬ್ಬುತ್ತದೆ. ಯಾವ ಹೊದಿಕೆಯನ್ನಾದರೂ ಒಳಗಿನಿಂದಲೇ ಎಬ್ಬಿಸುವಷ್ಟು ಬಲ ಅದಕ್ಕಿದೆ.

ಕಾರಿನಲ್ಲಿ ಮಾತ್ರ ಇದೇ ರಬ್ಬರು ಗೌರವದಿಂದ ನಡೆದುಕೊಂಡಿತು ಅನ್ನುವುದನ್ನೂ ಹೇಳಬೇಕು. ಕಾರ್ಖಾನೆಯ ಪ್ರೈಮರು ಕೆಡದೆ ಇದ್ದ, ಪೂರ್ತಿ ಒಣಗಿದ ತಗಡಿನ ಮೇಲೆ ಅದು ಚೆನ್ನಾಗಿ ಕಚ್ಚಿಕೊಂಡಿದೆ. ಚಕ್ರದ ಗೂಡಿನಲ್ಲಿ ಜಲ್ಲಿ ಬಡಿಯುವ ಸದ್ದು ಕಡಿಮೆಯಾಯಿತು, ಕಲ್ಲಿನೇಟಿಗೆ ಕುಷನ್ನಿನ ಹಾಗೆ ನಿಂತಿತು. ಮೂರು ಮಳೆಗಾಲಕ್ಕೆ ಬಲಗಡೆಯ ಗೂಡಿನಲ್ಲಿ ಒಂದೇ ಕಡೆ ಕಿತ್ತಿತ್ತು. ಅದು ನನಗೆ ಕಾಣಿಸಿದ್ದು ಚಕ್ರ ಬಿಚ್ಚಿ, ಟಾರ್ಚು ಹಾಕಿ, ಬೆರಳಿನಿಂದ ಒತ್ತಿ ಒತ್ತಿ ನೋಡಿದ್ದಕ್ಕೆ. ನನ್ನ ಆಕ್ಷೇಪ ಇರುವುದು ಇಲ್ಲೇ. ಇದು ಕೆಟ್ಟಾಗ ಕೆಟ್ಟಿದೆ ಅಂತ ಹೇಳುವುದಿಲ್ಲ. ಮೇಲೆ ನಗುಮುಖ, ಒಳಗೆ ಕ್ಷಯ.

ವ್ಯಾಕ್ಸ್ ಅಂದರೆ ಸ್ಪ್ರೇ ಹೊಡೆದಾಗ ನೀರಾಗಿದ್ದು, ಅದರಲ್ಲಿನ ದ್ರಾವಕ ಹಾರಿದ ಮೇಲೆ ಮೇಣದಂತೆ ನಿಲ್ಲುವ ಜೇನುಬಣ್ಣದ ಪೊರೆ. ಉಗುರಿನಿಂದ ಕೆರೆದರೆ ಹಲಸಿನ ಮೇಣದಷ್ಟು ಅಂಟಲ್ಲ, ಮೇಣದಬತ್ತಿಯಷ್ಟು ಗಟ್ಟಿಯೂ ಅಲ್ಲ, ನಡುವಿನದು. ಬಾಲ್ಕನಿಯ ತುಂಡಿನಲ್ಲಿ ಗೀರಿನೊಳಗೆ ಕಂದುಗೆರೆ ಮೂಡಿತು, ಆದರೆ ಅಕ್ಕಪಕ್ಕಕ್ಕೆ ಹರಡಲಿಲ್ಲ. ಪೊರೆ ತೆಳ್ಳಗಿದ್ದರಿಂದ ಎಲ್ಲಿ ತುಕ್ಕು, ಎಲ್ಲಿ ಇಲ್ಲ ಅನ್ನುವುದು ಕಣ್ಣಿಗೇ ಕಾಣುತ್ತಿತ್ತು. ಎರಡನೇ ಬೇಸಿಗೆಗೆ ಬಿಸಿಲು ತಾಗುವ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತು. ಕಾರಿನ ತಳಕ್ಕೆ ಬಿಸಿಲು ತಾಗುವುದಿಲ್ಲವಲ್ಲ; ಅಲ್ಲಿ ಎರಡು ಮಳೆಗಾಲ ಗಟ್ಟಿಯಾಗಿ ನಿಂತಿತು. ಚಕ್ರ ನೀರೆರಚುವ ಜಾಗದಲ್ಲಿ ಮಾತ್ರ ಸವೆದಿತ್ತು. ಸವೆದ ಕಡೆ ಮತ್ತೆ ಹೊಡೆಯಲು ಹಳೆಯದನ್ನು ಕೆರೆಯಬೇಕಿಲ್ಲ, ತೊಳೆದು ಒಣಗಿಸಿ ಅದರ ಮೇಲೆಯೇ ಹೊಡೆದರಾಯಿತು. ಈ ಒಂದು ಗುಣಕ್ಕೆ ನಾನು ಇದನ್ನು ಬಹಳ ಮೆಚ್ಚಿದೆ. ವಾಸನೆ ಎರಡು ದಿನ ತಲೆನೋವು ತರಿಸುತ್ತದೆ, ಗಾಳಿಯಾಡುವ ಜಾಗದಲ್ಲೇ ಹೊಡೆಸಬೇಕು.

ಲ್ಯಾನೊಲಿನ್ ಮೇಲೆ ನನಗೆ ಮೊದಲೇ ಮಮತೆ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಕುರಿಯ ಉಣ್ಣೆಯಲ್ಲಿರುವ ಜಿಡ್ಡು ಇದು. ಮಳೆ ಜಿಡ್ಡಿನ ಮೇಲೆ ಬಿದ್ದು ಜಾರಿಹೋಗಲಿ ಅಂತ ಕುರಿಗೆ ಪ್ರಕೃತಿ ಕೊಟ್ಟದ್ದು. ಘಟ್ಟದ ಮೇಲಿನವರು ಕಂಬಳಿಕೊಪ್ಪೆ ಹಾಕಿಕೊಂಡು ಜಡಿಮಳೆಯಲ್ಲಿ ಗದ್ದೆ ಕೆಲಸ ಮಾಡುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಕಂಬಳಿಯೊಳಗೆ ಉಳಿದ ಆ ಜಿಡ್ಡೇ ನೀರನ್ನು ತಡೆಯುತ್ತಿದ್ದುದು. ನಮ್ಮ ಕಡೆ ಮರದ ದೋಣಿಗೆ ಮೀನೆಣ್ಣೆ ಬಳಿಯುವುದೂ ಇದೇ ಬುದ್ಧಿ.

ತುಂಡಿನ ಮೇಲೆ ಲ್ಯಾನೊಲಿನ್ ಮಾಡಿದ ಕೆಲಸ ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ಗೀರು ಎಳೆದ ಮರುದಿನ ಭೂತಕನ್ನಡಿ ಹಿಡಿದು ನೋಡಿದರೆ ಗೀರಿನ ಎರಡೂ ದಡದಿಂದ ಜಿಡ್ಡು ನಿಧಾನವಾಗಿ ಒಳಗಿಳಿದು ಸಂದು ತುಂಬಿತ್ತು. ಉಳಿದ ಯಾವುದಕ್ಕೂ ಈ ಶಕ್ತಿ ಇಲ್ಲ. ಅಕ್ಟೋಬರಿನಲ್ಲಿ ಒರೆಸಿದಾಗ ಗೀರಿನೊಳಗಿನ ಉಕ್ಕು ಬೆಳ್ಳಿಯಂತೆ ಹೊಳೆಯುತ್ತಿತ್ತು. ತುಕ್ಕು ಹಿಡಿಸಿದ ಹಿಂಬದಿಯಲ್ಲೂ ಜಿಡ್ಡು ತುಕ್ಕಿನೊಳಗೆ ಇಂಗಿ ಅದನ್ನು ಇದ್ದಲ್ಲೇ ನಿಲ್ಲಿಸಿತ್ತು, ಬಣ್ಣ ಗಾಢವಾಗಿತ್ತು ಅಷ್ಟೆ.

ಆದರೆ ಟೊರಾಂಟೊ ಬೇರೆ, ಮುಂಬೈ ಬೇರೆ ಅನ್ನುವುದು ಇಲ್ಲೇ ಗೊತ್ತಾಗುವುದು. ಲ್ಯಾನೊಲಿನ್ 40 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಬಿಸಿಲಲ್ಲಿ ನಿಂತ ತಗಡು ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಫೆಬ್ರವರಿಗೆ ತುಂಡಿನ ಮೇಲಿನ ಅರ್ಧ ಬರಿದಾಗಿ ಜಿಡ್ಡೆಲ್ಲ ಕೆಳಗಿನ ಅಂಚಿನಲ್ಲಿ ಹನಿಗಟ್ಟಿತ್ತು, ಮೇಲೆ ಚುಕ್ಕಿ ತುಕ್ಕು ಮೂಡಿತ್ತು. ಕಾರಿನಲ್ಲಿ ಸೈಲೆನ್ಸರಿಗೆ ಹತ್ತಿರದ ಭಾಗ ಎರಡೇ ತಿಂಗಳಲ್ಲಿ ಒಣಗಿತು. ಪಾರ್ಕಿಂಗಿನ ನೆಲದ ಮೇಲೆ ಹನಿ ಬಿದ್ದು ಸೊಸೈಟಿಯ ಸೆಕ್ರೆಟರಿ ಎರಡು ಸಲ ಮನೆಗೆ ಬಂದರು. ಧೂಳು ಅಂಟುತ್ತದೆ, ಮೆಕ್ಯಾನಿಕ್‌ಗಳಿಗೆ ತಳಕ್ಕೆ ಕೈ ಹಾಕಲು ಬೇಸರ. ಮೊದಲ ವಾರ ಎಸಿ ಹಾಕಿದರೆ ಕುರಿ ಹಿಂಡಿನ ವಾಸನೆ, ನನ್ನಾಕೆ ಆ ವಾರ ರಿಕ್ಷಾದಲ್ಲೇ ಓಡಾಡಿದಳು. ಬೆಲೆಯೂ ಜಾಸ್ತಿ: ಹೊರಗಿನಿಂದ ತರಿಸಿದ ಡಬ್ಬಿ, ನನ್ನ ಪುಟ್ಟ ಕಾರಿನ ಅರ್ಧ ತಳಕ್ಕೇ ಎರಡೂವರೆ ಸಾವಿರ ರೂಪಾಯಿ ಹಿಡಿಯಿತು. ರಬ್ಬರಾದರೆ ಆ ದುಡ್ಡಿಗೆ ಇನ್ನೊಂದು ಸಾವಿರ ಸೇರಿಸಿದರೆ ಇಡೀ ಗಾಡಿ ಮುಗಿಯುತ್ತಿತ್ತು.

ರನ್ನಿಂಗ್ ಬೋರ್ಡಿನ ಒಳಗೆ ಕಥೆ ತಿರುಗಿತು. ಮೊಬೈಲಿಗೆ ಸಿಕ್ಕಿಸುವ ವೈರಿನಂಥ ಸಣ್ಣ ಕ್ಯಾಮೆರಾ ಸಿಗುತ್ತದೆ. ಅದನ್ನು ರಬ್ಬರ್ ಬಿರಡೆಯ ತೂತಿನಿಂದ ಒಳಗೆ ಬಿಟ್ಟು ಪ್ರತಿ ಅಕ್ಟೋಬರಿನಲ್ಲೂ ನೋಡಿದೆ. ಎಡಗಡೆ ವ್ಯಾಕ್ಸ್ ಹೊಡೆದ ಜಾಗದಲ್ಲಿ ಚೆನ್ನಾಗಿದೆ, ಆದರೆ ನಳಿಕೆಯ ತುಂತುರು ಮುಟ್ಟದ ಒಂದು ಬೆಸುಗೆಯ ಮೂಲೆಯಲ್ಲಿ ಕೆಂಪುಗೆರೆ ಇತ್ತು. ಬಲಗಡೆ, ಲ್ಯಾನೊಲಿನ್ ಬದಿಯಲ್ಲಿ, ತುಂತುರು ಮುಟ್ಟದ ಮೂಲೆಗೂ ಜಿಡ್ಡು ತಾನೇ ಹರಿದು ತಲುಪಿತ್ತು. ಬೆಸುಗೆಯ ಎರಡು ತಗಡಿನ ನಡುವೆ ಇಳಿದು ಅಂಚಿನಲ್ಲಿ ಹೊನ್ನಿನ ಬಣ್ಣದ ಹನಿಯಾಗಿ ನಿಂತಿತ್ತು. ಬೇಸಿಗೆಯಲ್ಲಿ ಕರಗುವುದು ಹೊರಗಡೆ ದೋಷ. ಒಳಗಡೆ ಅದೇ ಅದರ ಗುಣ: ಪ್ರತಿ ಮೇ ತಿಂಗಳಲ್ಲಿ ಕರಗಿ ಮತ್ತೊಮ್ಮೆ ಸಂದುಗಳಿಗೆ ಇಳಿಯುತ್ತದೆ, ಅಲ್ಲಿ ಅದನ್ನು ತೊಳೆಯುವ ಮಳೆಯಿಲ್ಲ. ನನ್ನ ಹಳೆಯ ಕಾರು ಸತ್ತದ್ದೂ ಒಳಗಿನಿಂದಲೇ, ಅದನ್ನು ಮರೆಯುವಂತಿಲ್ಲ.

ಸತುವಿನ ಸ್ಪ್ರೇ ಬಗ್ಗೆ ನಾನು ನಿರೀಕ್ಷೆ ಇಟ್ಟಿರಲಿಲ್ಲ, ಆದರೆ ಅದರ ಮುಂಬದಿಯ ಗೀರು ನವೆಂಬರಿನವರೆಗೂ ಕೆಂಪಾಗಲಿಲ್ಲ. ಮೀನುಗಾರಿಕೆ ಬೋಟುಗಳ ಪ್ರೊಪೆಲರಿನ ಬಳಿ ಸತುವಿನ ಗಟ್ಟಿ ಬಿಗಿದಿರುತ್ತಾರಲ್ಲ, ಅದೇ ತತ್ವ: ಕಬ್ಬಿಣದ ಬದಲು ತಾನು ಕರಗುತ್ತದೆ. ಗೀರಿನ ಸುತ್ತ ವಿಭೂತಿಯಂಥ ಬಿಳಿ ಪುಡಿ ಕಂಡರೆ ಸತು ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ತುಕ್ಕಿನ ಮೇಲೆ ಹೊಡೆದರೆ ಮಾತ್ರ ಏನೂ ಪ್ರಯೋಜನವಿಲ್ಲ, ಹಿಂಬದಿಯಲ್ಲಿ ಅದು ಬರಿಯ ಬೂದು ಬಣ್ಣ. ಉಕ್ಕು ಬೆಳ್ಳಗಾಗುವವರೆಗೆ ಉಜ್ಜಿದ ಸಣ್ಣ ಜಾಗಗಳಿಗೆ, ಬ್ರಾಕೆಟ್ಟಿಗೆ, ವೆಲ್ಡಿಂಗ್ ಮಾಡಿಸಿದ ಕಡೆಗೆ ಇದು ಒಳ್ಳೆಯದು.

ತುಕ್ಕು ಪೂರ್ತಿ ಕೆರೆಯಲಾಗದ ಮೂಲೆಗೆ ಟ್ಯಾನಿಕ್ ಆಮ್ಲದ ಕನ್ವರ್ಟರ್ ಹಚ್ಚುತ್ತೇನೆ. ಕೆಂಪು ತುಕ್ಕು ಅರ್ಧ ಗಂಟೆಯಲ್ಲಿ ನೀಲಿಗಪ್ಪು ಆಗುತ್ತದೆ. ಅಳಲೆಕಾಯಿ ರಸಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದರಲ್ಲ, ಅದೇ ರಸಾಯನ. ಅದು ಹೊದಿಕೆಯಲ್ಲ, ಹೊದಿಕೆಗೆ ಮುಂಚಿನ ಕೆಲಸ. ಮೇಲೆ ಏನಾದರೂ ಬಳಿಯಲೇಬೇಕು.

ಟೆಫ್ಲಾನ್, ಸೆರಾಮಿಕ್ ಕೋಟಿಂಗ್ ಎಲ್ಲ ಮೇಲಿನ ಬಣ್ಣದ ಹೊಳಪಿಗೆ. ತಳಕ್ಕೂ ಅವಕ್ಕೂ ಸಂಬಂಧವಿಲ್ಲ. ತುಕ್ಕು ತಡೆಯುತ್ತದೆ ಅಂತ ಮಾರುವ, ಬ್ಯಾಟರಿಗೆ ಸಿಕ್ಕಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ನಾನು ಕೊಳ್ಳಲಿಲ್ಲ. ಹಡಗಿನ ಹೊಟ್ಟೆ, ನೆಲದೊಳಗಿನ ಪೈಪು ಇಂಥವಕ್ಕೆ ವಿದ್ಯುತ್ತಿನ ರಕ್ಷಣೆ ಕೆಲಸ ಮಾಡುವುದು ಅವು ನೀರಲ್ಲೋ ಹಸಿ ಮಣ್ಣಲ್ಲೋ ಮುಳುಗಿರುವುದರಿಂದ. ಗಾಳಿಯಲ್ಲಿ ನಿಂತ ಕಾರಿಗೆ ಆ ಸರ್ಕೀಟು ಪೂರ್ತಿಯಾಗುವುದಿಲ್ಲ.

ತೊಳೆಯುವ ನೀರಿನ ವಿಚಾರಕ್ಕೆ ಬರೋಣ, ಇದರಲ್ಲಿ ನಾನು ಮೂರು ವರ್ಷ ಮೋಸಹೋಗಿದ್ದೆ. ನಮ್ಮ ಸೊಸೈಟಿಯಲ್ಲಿ ಗಾಡಿ ತೊಳೆಯುವ ಹುಡುಗ ಬೋರ್‌ವೆಲ್ ನೀರು ಬಳಸುತ್ತಿದ್ದ. ಸಮುದ್ರದ ಬದಿಯ ಬೋರ್‌ವೆಲ್ ಅದು. ಒಂದು ದಿನ ಬಾನೆಟ್ಟಿನ ಮೇಲೆ ಒಣಗಿದ ಹನಿಗಳ ಸುತ್ತ ಬಿಳಿ ಬಳೆ ಕಂಡು, ನೀರಿನಲ್ಲಿ ಕರಗಿದ ಲವಣ ಅಳೆಯುವ, ನೀರು ಶುದ್ಧೀಕರಣ ಯಂತ್ರದವರ ಮೀಟರು ತಂದು ಅದ್ದಿದೆ: 2,300. ಅದೇ ಮೀಟರು ಪಾಲಿಕೆಯ ನಲ್ಲಿ ನೀರಿಗೆ 70ರ ಆಸುಪಾಸು ತೋರಿಸಿತು. ವಾರಕ್ಕೆ ಮೂರು ದಿನ ನಾವೇ ದುಡ್ಡು ಕೊಟ್ಟು ಕಾರಿಗೆ ಉಪ್ಪು ಬಳಿಸುತ್ತಿದ್ದೆವು. ಕುಡಿಯುವ ನೀರನ್ನು ಕಾರಿಗೆ ಸುರಿಯಲು ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ಈಗ ಮೇಲ್ಭಾಗಕ್ಕೆ ಒದ್ದೆ ಬಟ್ಟೆ ಸಾಕು ಅಂತ ಹೇಳಿದ್ದೇನೆ. ಮಳೆಗಾಲದಲ್ಲಿ ತಾರಸಿಯ ಪೈಪಿನಿಂದ ಬರುವ ಮಳೆನೀರನ್ನು ಎರಡು ಡ್ರಮ್ಮಿನಲ್ಲಿ ಹಿಡಿದು ತಳಕ್ಕೆ ಹೊಡೆಯುತ್ತೇವೆ. ನೆರೆನೀರಿನಲ್ಲಿ ಹಾದು ಬಂದರೆ ಅಥವಾ ಊರಿಂದ ಮೀನು ಲಾರಿಯ ಹಿಂದೆ ಬಂದರೆ ಮಾತ್ರ ಪ್ರೆಷರ್ ವಾಷರ್, ಅದೂ ಸಿಹಿನೀರು ಅಂತ ಕೇಳಿ ಖಚಿತಪಡಿಸಿಕೊಂಡು.

ಈಗ ನನ್ನ ಗಾಡಿಗೆ ಮಾಡಿಸುವುದು ಮೂರರ ಬೆರಕೆ. ರನ್ನಿಂಗ್ ಬೋರ್ಡು, ಬಾಗಿಲು, ಡಿಕ್ಕಿಯ ಮಡಿಕೆಗಳ ಒಳಗೆ ಲ್ಯಾನೊಲಿನ್. ತೆರೆದ ತಳ, ಆಕ್ಸಲ್, ಬೋಲ್ಟುಗಳಿಗೆ ವ್ಯಾಕ್ಸ್. ರಬ್ಬರು ಚಕ್ರದ ಗೂಡಿಗಷ್ಟೇ, ಅದೂ ಕಾರು ಹೊಸದಿದ್ದಾಗ ಮಾತ್ರ. ಐದಾರು ವರ್ಷದ ಕಾರು ಕೊಳ್ಳುವವರಿಗೆ ನಾನು ಹೇಳುವುದು, ರಬ್ಬರ್ ಕೋಟಿಂಗ್ ‘ಈಗಷ್ಟೇ ಮಾಡಿಸಿದ್ದು’ ಅಂತ ಯಾರಾದರೂ ಹೆಮ್ಮೆಯಿಂದ ತೋರಿಸಿದರೆ ಆ ಗಾಡಿಯನ್ನು ಲಿಫ್ಟಿಗೆ ಹಾಕಿಸಿ ಬೆರಳಿನಿಂದ ಒತ್ತಿ ನೋಡಿ. ಪುಣೆಯಂಥ ಒಳನಾಡಿನಲ್ಲಿ ಇರುವವರು ಇಷ್ಟೆಲ್ಲ ಮಾಡಬೇಕಿಲ್ಲ, ಅಲ್ಲಿ ವ್ಯಾಕ್ಸ್ ಒಂದೇ ಸಾಕಾದೀತು. ಗೋವಾದಲ್ಲಿ ಕಡಲ ಬದಿ ಇರುವವರ ಪರಿಸ್ಥಿತಿ ನಮ್ಮದೇ. ಬ್ರೇಕ್ ಡಿಸ್ಕು, ಪ್ಯಾಡು, ಬೆಲ್ಟು, ಸೈಲೆನ್ಸರು, ಅದರ ಸೆನ್ಸರು ಇವಕ್ಕೆ ಏನೂ ತಾಗಬಾರದು. ಮೇಸ್ತ್ರಿ ಹಳೆಯ ಪೇಪರು ಸುತ್ತಿ ಟೇಪು ಹಚ್ಚುವವರೆಗೆ ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಟೊರಾಂಟೊದವರು ಚಳಿಗೆ ಮುಂಚೆ ಹೊಡೆಸುವುದನ್ನು ನಾವು ಮಳೆಗೆ ಮುಂಚೆ ಹೊಡೆಸಬೇಕು. ಮೇ ತಿಂಗಳಲ್ಲಿ ಗಾಳಿ ಆಗಲೇ ಜಿಗುಟು. ಮಾರ್ಚ್ ವಾಸಿ. ಹೊಡೆಸಿದ ಮೇಲೆ ಎರಡು ರಾತ್ರಿ ಕಾರಿನ ಅಡಿಗೆ ರಟ್ಟು ಹಾಸಿದರೆ ಸೆಕ್ರೆಟರಿಯವರ ದೂರೂ ಇರುವುದಿಲ್ಲ.

ಮಳೆ ನಿಂತ ಮೇಲೆ ಇನ್ನೊಂದು ಕೆಲಸ ಇದೆ, ಅದಕ್ಕೆ ಕಾಸು ಖರ್ಚಿಲ್ಲ. ಪ್ರತಿ ಬಾಗಿಲಿನ ತಳದಂಚಿನಲ್ಲಿ ಎರಡು ಮೂರು ಸಣ್ಣ ತೂತುಗಳಿರುತ್ತವೆ, ಗಾಜಿನ ಸಂದಿನಿಂದ ಇಳಿದ ನೀರು ಹೊರಹೋಗಲಿ ಅಂತ. ಅವು ಮಣ್ಣು, ಎಲೆಯ ಚೂರಿನಿಂದ ಮುಚ್ಚಿಹೋಗುತ್ತವೆ. ಕಬ್ಬಿಣದ ತಂತಿ ಹಾಕಿದರೆ ಒಳಗಿನ ಬಣ್ಣ ಗೀಚುತ್ತದೆ, ಆದ್ದರಿಂದ ಹಿಡಿಸೂಡಿಯ ಕಡ್ಡಿ ಬಳಸುತ್ತೇನೆ. 2022ರ ಅಕ್ಟೋಬರಿನಲ್ಲಿ ಎಡ ಹಿಂಬದಿ ಬಾಗಿಲಿಗೆ ಕಡ್ಡಿ ತೂರಿಸಿದಾಗ ಅರ್ಧ ಲೋಟದಷ್ಟು ನೀರು, ಕಷಾಯದ ಬಣ್ಣದ್ದು, ಕಾಲಿನ ಮೇಲೇ ಸುರಿಯಿತು. ಎಷ್ಟು ವಾರದಿಂದ ಅಲ್ಲಿ ನಿಂತಿತ್ತೋ. ಬಾಗಿಲನ್ನು ಎರಡು ದಿನ ತೆರೆದಿಟ್ಟು ಒಣಗಿಸಿ, ಒಳಗೆ ಲ್ಯಾನೊಲಿನ್ ಹೊಡೆದೆ. ಮರುವರ್ಷ ಅದೇ ತೂತಿಗೆ ಕಡ್ಡಿ ಹಾಕಿದರೆ ತುದಿಗೆ ಜಿಡ್ಡು ಮೆತ್ತಿಕೊಂಡು ಬಂತು, ನೀರು ಬರಲಿಲ್ಲ.